ರೂಟರ್ ಫರ್ಮ್‌ವೇರ್‌ನ ಕಾಮೆಂಟ್‌ಗಳು: ಬೀಕನ್ ಮತ್ತು ರಾಡಾರ್ ಭಾಗ ಮುಗಿಯಿತು

ಡೊಂಬಿವಲಿಯ ಮನೆಯ ರೂಟರಿಗಾಗಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿ ಕಟ್ಟಿಕೊಂಡಿರುವ ಫರ್ಮ್‌ವೇರ್‌ನಲ್ಲಿ (ರೂಟರನ್ನು ನಡೆಸುವ ತಂತ್ರಾಂಶದಲ್ಲಿ) ವೈಫೈ ಭಾಗದ ಕಾಮೆಂಟ್‌ಗಳನ್ನು, ಅಂದರೆ ಕೋಡ್ ಓದುವವರಿಗಾಗಿ ಅದರ ನಡುವೆ ಬರೆದಿಡುವ ಟಿಪ್ಪಣಿಗಳನ್ನು, ತಿದ್ದುವ ಕೆಲಸ ಒಂದು ಹಂತಕ್ಕೆ ಬಂದಿದೆ. ಕೋಡನ್ನು ಮುಟ್ಟಬಾರದೆಂಬುದು ಮೊದಲೇ ಹಾಕಿಕೊಂಡ ನಿಯಮ. ಕೋಡ್ ಓದಿದರೆ ತಿಳಿಯುವುದನ್ನೇ ಮತ್ತೆ ಹೇಳುತ್ತಿದ್ದ ಕಾಮೆಂಟ್‌ಗಳನ್ನು ತೆಗೆದಿದ್ದೇನೆ.

ರೂಟರ್ ತಾನಿರುವುದನ್ನು ಸಾರಲು ಆಗಾಗ ಕಳಿಸುವ ಸಂಕೇತವೇ ಬೀಕನ್. ಎರಡು ಬೀಕನ್‌ಗಳ ನಡುವಿನ ಅಂತರದ 100 ಎಂಬ ಸಂಖ್ಯೆಯ ಪಕ್ಕದಲ್ಲಿ ‘ಮಿಲಿಸೆಕೆಂಡ್’ ಎಂದು ಬರೆದಿತ್ತು. ವೈಫೈಯ 802.11 ಮಾನದಂಡದಲ್ಲಿ ಅದರ ಮಾನ ಟೈಮ್ ಯೂನಿಟ್. ಒಂದು ಯೂನಿಟ್ ಎಂದರೆ 1024 ಮೈಕ್ರೋಸೆಕೆಂಡ್ ಆಗಿರುವುದರಿಂದ ನಿಜವಾದ ಅಂತರ 102.4 ಮಿಲಿಸೆಕೆಂಡ್. ಆ ಕಾಮೆಂಟನ್ನು ನಂಬಿ ಟೈಮರ್ ಬರೆದವರ ಲೆಕ್ಕ ಪ್ರತಿ ಬೀಕನ್‌ಗೂ 2.4 ಮಿಲಿಸೆಕೆಂಡಿನಷ್ಟು ತಪ್ಪುತ್ತ ಹೋಗುತ್ತದೆ.

ರಾಡಾರ್ ಭಾಗದಲ್ಲಿ 60000 (ಮಿಲಿಸೆಕೆಂಡ್) ಎಂಬ ಸಂಖ್ಯೆಯ ಮೇಲೆ ‘ಕಾಯಿರಿ’ ಎಂದಷ್ಟೇ ಇತ್ತು. ಕರಡನ್ನು ಓದಿದ ಮುಲುಂಡಿನಲ್ಲಿರುವ ಹುಬ್ಬಳ್ಳಿಯ ಗೆಳೆಯರೊಬ್ಬರು, “ಎಷ್ಟು ಕಾಯಬೇಕು ಅಂತ ಕೋಡ್ ಹೇಳ್ತದ ಸರ್, ಯಾಕ ಕಾಯಬೇಕು ಅನ್ನೋದನ್ನ ನೀವು ಬರೀರಿ” ಎಂದರು. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುವುದರಿಂದ ರೂಟರ್ ಪ್ರಸಾರಕ್ಕೆ ಮೊದಲು 60 ಸೆಕೆಂಡ್ ಸುಮ್ಮನೆ ಆಲಿಸಬೇಕು, ರಾಡಾರ್ ಕೇಳಿಸಿದರೆ ಆ ಚಾನೆಲನ್ನು 30 ನಿಮಿಷ ಬಿಟ್ಟಿರಬೇಕು. ಹವಾಮಾನ ರಾಡಾರ್‌ಗಳಿರುವ 5600–5650 ಮೆಗಾಹರ್ಟ್ಸ್‌ನಲ್ಲಿ ಯುರೋಪಿನ ನಿಯಮ 10 ನಿಮಿಷ ಆಲಿಸಲು ಹೇಳುತ್ತದೆ. ಇಷ್ಟನ್ನೂ ಕಾಮೆಂಟ್‌ನಲ್ಲಿ ಸೇರಿಸಿದ್ದೇನೆ. ಅಂಧೇರಿಯ ವೆರಾವಲಿಯಲ್ಲಿ 2022ರಿಂದ ಸಿ-ಬ್ಯಾಂಡ್ ಹವಾಮಾನ ರಾಡಾರ್ ಇರುವ ಮುಂಬಯಿಯಲ್ಲಿ, ‘ರೂಟರ್ ಬೇಗ ಶುರುವಾಗಲಿ’ ಎಂದು ಯಾರೋ ಆ ಸಂಖ್ಯೆಯನ್ನು ಇಳಿಸಿದರೆ ತೊಂದರೆಯಾಗುವುದು ಮಳೆಯ ಮುನ್ಸೂಚನೆಗೆ.

ಕೋಡ್ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ತಿದ್ದುವ ಮೊದಲಿನ ಮತ್ತು ನಂತರದ ಬೈನರಿಗಳ (ಕೋಡಿನಿಂದ ತಯಾರಾಗುವ, ಯಂತ್ರ ಓದುವ ಫೈಲ್‌ಗಳ) ಚೆಕ್‌ಸಮ್, ಅಂದರೆ ಫೈಲಿನಲ್ಲಿರುವುದನ್ನು ಲೆಕ್ಕ ಹಾಕಿ ತೆಗೆದ ಗುರುತುಸಂಖ್ಯೆ, ಹೋಲಿಸಿದಾಗ ಕೆಲವು ಫೈಲ್‌ಗಳು ತಾಳೆಯಾಗಲಿಲ್ಲ. ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಎಚ್ಚರಿಕೆಯ ಮ್ಯಾಕ್ರೋಗಳು, ಅಂದರೆ ಕೋಡಿನ ಸಿದ್ಧ ಕಿರುರೂಪಗಳು, ತಾವಿರುವ ಸಾಲಿನ ಸಂಖ್ಯೆಯನ್ನು ಬೈನರಿಯೊಳಗೆ ಬರೆಯುತ್ತವೆ. ಮೇಲಿನ ಒಂದು ಕಾಮೆಂಟ್ ಸಾಲು ಹೋದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಅಳಿಸಿದ ಜಾಗದಲ್ಲಿ ಖಾಲಿ ಸಾಲುಗಳನ್ನು ಉಳಿಸಿ, ಹೊಸ ವಿವರಣೆಯನ್ನು ಇದ್ದಷ್ಟೇ ಸಾಲುಗಳಲ್ಲಿ ಹೊಂದಿಸಿ ಬಿಲ್ಡ್ ಮಾಡಿದೆ, ಚೆಕ್‌ಸಮ್ ಸರಿಹೋಯಿತು. ಸಾಲುಗಳ ಅಂದಚೆಂದವನ್ನು ಇನ್ನೊಂದು ಪ್ಯಾಚ್‌ನಲ್ಲಿ (ಪ್ರತ್ಯೇಕ ತಿದ್ದುಪಡಿಯಲ್ಲಿ) ಸರಿಪಡಿಸಿದೆ. ಕಾಮೆಂಟ್ ತಿದ್ದುಪಡಿಯನ್ನು ಪರಿಶೀಲಿಸುವವರಿಗೆ ಇದಕ್ಕಿಂತ ನಿರಾಳವಾದ ದಾರಿ ನನಗೆ ತೋಚಿಲ್ಲ.

ಮುಂದಿನದು ಡಿವೈಸ್ ಟ್ರೀ ಫೈಲ್, ಅಂದರೆ ರೂಟರಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಫೈಲ್. ಅಲ್ಲಿ ಫ್ಲ್ಯಾಶ್ ಮೆಮೊರಿಯ ‘ಆರ್ಟ್’ (ART) ಎಂಬ ವಿಭಾಗವನ್ನು ಓದಲು ಮಾತ್ರವೆಂದು ಗುರುತು ಹಾಕಿದ್ದಾರೆ, ಕಾರಣ ಬರೆದಿಲ್ಲ. ಪ್ರತಿ ರೂಟರಿಗೂ ಕಾರ್ಖಾನೆಯಲ್ಲೇ ಅಳೆದು ತುಂಬಿದ ರೇಡಿಯೊ ಕ್ಯಾಲಿಬ್ರೇಶನ್ (ಹೊಂದಾಣಿಕೆಯ) ಮಾಹಿತಿ ಅದರಲ್ಲಿದೆ, ಬ್ಯಾಕಪ್ ಇಲ್ಲದೆ ಅಳಿಸಿದರೆ ಮತ್ತೆ ಸಿಗದು. ಮೊದಲು ಬರೆಯಬೇಕಾದ ಕಾಮೆಂಟ್ ಅದೇ.