ದಾಂಡೇಲಿಯಲ್ಲಿ ರಾಫ್ಟಿಂಗ್: ಮುಂಗಡ ಕೊಡುವ ಮೊದಲು ಎಷ್ಟು ಕಿಲೋಮೀಟರ್ ಎಂದು ಕೇಳಿ

ದಾಂಡೇಲಿ ಹೆಸರಲ್ಲಿ ಮಾರುವ ರಾಫ್ಟಿಂಗ್ ನಡೆಯುವುದು ಹೆಚ್ಚಾಗಿ ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿ.ಮೀ. ಆಚೆ, ಕಾಳಿ ಹೊಳೆಯ ಸೂಪಾ ಅಣೆಕಟ್ಟಿನ ಕೆಳಗಿನ ಗಣೇಶಗುಡಿಯಲ್ಲಿ. ಊರೊಳಗೆ ರೂಮು ಹಿಡಿದರೆ ಜೀಪಿನ ಬಾಡಿಗೆ ಬೇರೆ. ಪ್ಯಾಕೇಜಿನಲ್ಲಿ ಬರೀ ‘ರಾಫ್ಟಿಂಗ್’ ಎಂದಿದ್ದರೆ ಅದು ಸಾಮಾನ್ಯವಾಗಿ ಗಿಡ್ಡ ಸುತ್ತು: ಒಂದೆರಡು ಕಿ.ಮೀ., ಬಂಡೆಗಳ ನಡುವೆ ನೀರು ರಭಸದಿಂದ ಧುಮುಕುವ ಒಂದೋ ಎರಡೋ ಇಳಿತ, ಉಳಿದಂತೆ ನಿಂತ ನೀರಲ್ಲಿ ಫೋಟೊ. ಉದ್ದದ ಓಟ ಸುಮಾರು 9 ಕಿ.ಮೀ., ಎರಡೂವರೆ–ಮೂರು ತಾಸು. ಹತ್ತುವ ಜಾಗ, ಇಳಿಯುವ ಜಾಗ ಎರಡನ್ನೂ ಬರೆಸಿಕೊಂಡೇ ದುಡ್ಡು ಕೊಡಿ.

ಇಲ್ಲಿ ನೀರು ಮಳೆಯ ಮಾತು ಕೇಳುವುದಿಲ್ಲ. ಜೋಯಿಡಾದ ಡಿಗ್ಗಿ ಕಡೆ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಉದ್ದ 184 ಕಿ.ಮೀ. ಅಷ್ಟರೊಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಕಟ್ಟೆಯ ಮೇಲೆ ಕಟ್ಟೆ. 101 ಮೀಟರ್ ಎತ್ತರದ ಸೂಪಾದ ಟರ್ಬೈನ್ ತಿರುಗಿದರೆ ಗಣೇಶಗುಡಿಯಲ್ಲಿ ಹೊಳೆ, ನಿಂತರೆ ಬರೀ ಬಂಡೆ. ಬಿರುಬೇಸಿಗೆಯಲ್ಲೂ ರಾಫ್ಟ್ ಓಡುವುದು ಇದರಿಂದಲೇ. ಬೆಳಿಗ್ಗೆ ಒಂಬತ್ತಕ್ಕೆಂದು ಕರೆಸಿ ಮಧ್ಯಾಹ್ನದವರೆಗೆ ಕೂರಿಸುವುದೂ ಇದರಿಂದಲೇ. ನೀರು ಬಿಡದಿದ್ದರೆ ದುಡ್ಡು ವಾಪಸ್ಸೋ, ಗಿಡ್ಡ ಸುತ್ತಿಗೆ ದಾಟಿಸುತ್ತಾರೋ ಎಂಬುದನ್ನು ಮೊದಲೇ ಬಗೆಹರಿಸಿಕೊಳ್ಳಿ. ಆ ದಿನ ಸಂಜೆಯ ರೈಲು ಬುಕ್ ಮಾಡಬೇಡಿ.

ಲೈಫ್ ಜಾಕೆಟ್ ತೊಟ್ಟ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಕಿವಿವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ, ಬದಲಿಸಿ ಕೊಡಿ ಎನ್ನಲು ಸಂಕೋಚ ಬೇಡ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ಮುಂದಕ್ಕೆ ಇರಲಿ. ಸೆಳೆತದಲ್ಲಿ ನಿಲ್ಲಲು ಹೋದರೆ ಪಾದ ಬಂಡೆಯ ಸಂದಿಗೆ ಸಿಕ್ಕಿ, ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ. ಹವಾಯಿ ಚಪ್ಪಲಿ ಮೊದಲ ಇಳಿತದಲ್ಲೇ ಹೋಗುತ್ತದೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ, ಕನ್ನಡಕಕ್ಕೆ ದಾರ ಕಟ್ಟಿ.

ದಾಂಡೇಲಿ ಊರ ಬಳಿ ಮಾತ್ರ ಹೊಳೆಗಿಳಿಯಲೇಬೇಡಿ. ಅಲ್ಲಿ ಮೊಸಳೆಗಳಿವೆ, ಮನುಷ್ಯರನ್ನು ಎಳೆದೊಯ್ದದ್ದೂ ಇದೆ.

ಶನಿವಾರ, ಭಾನುವಾರ ಗಣೇಶಗುಡಿ ಜಾತ್ರೆ. ಹುಟ್ಟು ಹಾಕುವ ಪುಟ್ಟ ದೋಣಿ ಕಯಾಕ್, ಗಾಳಿ ತುಂಬಿದ ದೊಡ್ಡ ಚೆಂಡಿನೊಳಗೆ ಉರುಳುವ ಜೋರ್ಬಿಂಗ್, ಬಂಡೆ ನಡುವಿನ ಹರಿವಲ್ಲಿ ಕೂರುವ ‘ಜಕೂಝಿ’ ಎಲ್ಲಕ್ಕೂ ಸರದಿ. ಅದರಲ್ಲಿ ಜಕೂಝಿಯೊಂದು ಪರವಾಗಿಲ್ಲ, ಉಳಿದವಕ್ಕೆ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವುದು ದಂಡ. ಹಕ್ಕಿ ನೋಡುವವರು ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನವರ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ರೂಮು ಹಿಡಿಯಲಿ. ನೀರಿನ ತೊಟ್ಟಿಗೆ ಹಕ್ಕಿಗಳೇ ಬರುತ್ತವೆ.

ಊಟ ರೆಸಾರ್ಟಿನಲ್ಲಿ ಬೇಡ. ದಾಂಡೇಲಿ ಕಾಗದ ಕಾರ್ಖಾನೆಯ ಊರು, ದುಡಿಯುವವರ ಹೊಟ್ಟೆ ತುಂಬಿಸುವ ಖಾನಾವಳಿಗಳಿವೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು. ಚಟ್ನಿಪುಡಿಯನ್ನು ಎರಡನೇ ಸಲ ಕೇಳಿದರೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಉದ್ದದ ಓಟ ಮುಗಿಸಿ ಬರುವಷ್ಟರಲ್ಲಿ ರೊಟ್ಟಿ ಖಾಲಿಯಾಗಿರುತ್ತದೆ, ಹೋಗುವಾಗಲೇ ಹೇಳಿ ಹೋಗಿ.