ನೀರು ಮರಳಿತು, ಕಪ್ಪೆಚಿಪ್ಪು ಮರಳಲಿಲ್ಲ

ನಮ್ಮ ಬಡಾವಣೆಯ ಕೆರೆಯ ಹೂಳೆತ್ತಿ, ಅಂಚಿಗೆ ಕಡಿದಾದ ಕಲ್ಲುಕಟ್ಟಡ ಕಟ್ಟಿ, ಅದಕ್ಕೆ ನೀರು ತರುವ ರಾಜಕಾಲುವೆಗೆ ಕಾಂಕ್ರೀಟ್ ಹಾಕಿ ಕೆಲವು ವರ್ಷಗಳಾದವು. ಕಳೆದ ವಾರ ಅಲ್ಲಿನ ಎರಡು ಹಿಡಿ ಕೆಸರನ್ನು ಅಡುಗೆಮನೆಯ ಜರಡಿಯಲ್ಲಿ ತೊಳೆದು ನೋಡಿದಾಗ ಸಿಕ್ಕಿದ್ದು ಕೆಂಪು ದಾರದ ತುಂಡುಗಳಂಥ ಹುಳುಗಳು ಮಾತ್ರ.

ಇವು ಕೈರೊನೊಮಿಡ್ ಎಂಬ ನೊಣದ ಜಾತಿಯ ಕೀಟಗಳ ಮರಿಗಳು. ಸೊಳ್ಳೆಯಂತೆ ಕಂಡರೂ ಕಚ್ಚದ, ಸಂಜೆ ದೀಪಕ್ಕೆ ಮುತ್ತುವ ಕೀಟಗಳಿವು. ನಮ್ಮ ರಕ್ತದಲ್ಲಿರುವಂತೆ ಈ ಮರಿಗಳ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರ ಕಡಿಮೆಯಾದ ಕೆಸರಿನಲ್ಲಿಯೂ ಬದುಕಬಲ್ಲವು. ಇವು ಇರುವುದು ತಪ್ಪಲ್ಲ. ಇವಷ್ಟೇ ಇರುವುದು ಕಳವಳದ ಸಂಗತಿ.

ಬೆಂಗಳೂರಿನ ಕೆರೆಗಳು ಬಿಡಿ ಹೊಂಡಗಳಲ್ಲ. ಒಂದರ ಕೋಡಿ ಹರಿದರೆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಸೇರುತ್ತದೆ. ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುವ ಸಾಲು ಎಲ್ಲರಿಗೂ ಗೊತ್ತಿರುವಂಥದ್ದು. ಈ ಹಾದಿ ನೀರಿಗಷ್ಟೇ ಅಲ್ಲ, ರೆಕ್ಕೆಯಿಲ್ಲದ ಜೀವಿಗಳಿಗೂ ಮುಖ್ಯವಾದ ದಾರಿ. ಏರೋಪ್ಲೇನ್ ಚಿಟ್ಟೆ ಎಲ್ಲಿಂದಲೋ ಹಾರಿಬಂದು ಹೊಸ ನೀರಿನಲ್ಲಿ ಮೊಟ್ಟೆಯಿಡಬಲ್ಲದು. ಕೆಸರಿನಲ್ಲಿ ಹುದುಗಿರುವ ಕಪ್ಪೆಚಿಪ್ಪಿಗೆ ಅದು ಸಾಧ್ಯವಿಲ್ಲ: ಅದರ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲಕಾಲ ಬೆಳೆದು, ಬಳಿಕ ಉದುರಿ ತಳ ಸೇರುತ್ತವೆ. ಮೀನು ಈಜಿ ಬರಲಾಗದ ಕಡೆ ಕಪ್ಪೆಚಿಪ್ಪು ತಾನಾಗಿ ಮರಳುವುದು ಬಹಳ ಕಷ್ಟ. ಮರಳು, ಬೆಣಚುಕಲ್ಲು, ಬೇರು, ನಿಂತ ಮಡು ಯಾವುದೂ ಇಲ್ಲದ ಕಾಂಕ್ರೀಟ್ ಕಾಲುವೆಯಲ್ಲಿ ಮಳೆನೀರು ಒಮ್ಮೆಲೇ ನುಗ್ಗುತ್ತದೆ, ಉಳಿದ ದಿನಗಳಲ್ಲಿ ಕೊಳಚೆ ತೆಳುವಾಗಿ ಹರಿಯುತ್ತದೆ. ಅಲ್ಲಿ ಮೀನಾಗಲಿ ಬಸವನಹುಳುವಾಗಲಿ ತಂಗುವುದೆಲ್ಲಿ?

ಹಾರಿಬಂದ ಏರೋಪ್ಲೇನ್ ಚಿಟ್ಟೆಗೂ ನಮ್ಮ ಕೆರೆಯಲ್ಲಿ ಸುಖವಿಲ್ಲ. ನೀರಿನಡಿ ಬೆಳೆದ ಅದರ ಮರಿ ಕೊನೆಗೆ ಜೊಂಡಿನಂಥ ಗಿಡದ ಕಾಂಡ ಹತ್ತಿ ಪೊರೆ ಕಳಚಬೇಕು. ಹಿಂದೆ ಕೆರೆಯಂಗಳ ಇಳಿಜಾರಾಗಿ ಹರಡಿದ್ದುದರಿಂದ ಮೊಣಕಾಲುದ್ದದ ನೀರಿನಲ್ಲಿ ಜೊಂಡು ದಟ್ಟವಾಗಿತ್ತು. ಈಗ ಅಂಚಿನಲ್ಲೇ ಆಳ, ತಳಕ್ಕೆ ಬೆಳಕಿಲ್ಲ.

ಹೂಳೆತ್ತಲೇಬಾರದೆಂದು ನಾನು ಹೇಳುವುದಿಲ್ಲ, ಕೊಳಚೆ ತುಂಬಿದ ಕೆರೆಗೆ ಅದು ಅಗತ್ಯ. ಆದರೆ ತಳದ ಜೀವಿಗಳಲ್ಲಿ ಬಹುಪಾಲು ಕೆಸರಿನ ಮೇಲಿನ ಕೆಲವೇ ಅಂಗುಲಗಳಲ್ಲಿರುವುದರಿಂದ, ಇಡೀ ಕೆರೆಯನ್ನು ಒಮ್ಮೆಗೇ ಬಗೆಯದೆ ಒಂದು ಮೂಲೆಯನ್ನು ಜೊಂಡಿನ ಸಮೇತ ಮರುವರ್ಷದವರೆಗೆ ಉಳಿಸಿದರೆ, ಅಲ್ಲಿಂದ ಬಸವನಹುಳುಗಳು ಉಳಿದ ತಳಕ್ಕೆ ತೆವಳಿಕೊಂಡಾದರೂ ಹೋಗಬಲ್ಲವು.