ದಿನಕ್ಕೆ ಎಷ್ಟು ಗಂಟೆ ಫೋನ್ ನೋಡಿದರೆ ಪರವಾಗಿಲ್ಲ ಮೇಡಂ?

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪೋಷಕರ ಸಭೆ ಮುಗಿದು ಎಲ್ಲರೂ ಹೊರಟ ಮೇಲೆ, ಬಾಗಿಲ ಹತ್ತಿರ ಒಬ್ಬರಾದರೂ ನಿಂತು ಈ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳಿದ್ದಾರೆ. ಎರಡು ಗಂಟೆ ಅಂತಲೋ ಮೂರು ಗಂಟೆ ಅಂತಲೋ ಒಂದು ಲೆಕ್ಕ ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ನನ್ನ ಅಮ್ಮನಿಗೆ 71 ವರ್ಷ. ಸಂಜೆ ಅಡುಗೆಮನೆ ಕಟ್ಟೆಯ ಮೇಲೆ ಸಕ್ಕರೆ ಡಬ್ಬಕ್ಕೆ ಫೋನ್ ಒರಗಿಸಿ, ಮಸ್ಕತ್‌ನಲ್ಲಿರುವ ನನ್ನ ತಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಇಬ್ಬರೂ ಜಾಸ್ತಿ ಮಾತಾಡುವುದೂ ಇಲ್ಲ. ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಿರುತ್ತಾರೆ, ಅವನು ಅಲ್ಲಿ ಬಟ್ಟೆ ಮಡಿಸುತ್ತಿರುತ್ತಾನೆ. ಒಂದು ಗಂಟೆ ಹೀಗೇ ಹೋಗುತ್ತದೆ. ಫೋನ್ ಇಟ್ಟ ಮೇಲೆ ಅಮ್ಮ ಹಾಡು ಗುನುಗುತ್ತಾ ಒಗ್ಗರಣೆಗೆ ಇಡುತ್ತಾರೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಅಷ್ಟೇ ಹೊತ್ತು ಬೇರೆ ಥರ ಕಳೆದಿದ್ದಳು. ಗೆಳತಿಗೆ ಕಳಿಸಿದ ಮೆಸೇಜಿಗೆ ಎರಡು ನೀಲಿ ಟಿಕ್ ಬಿದ್ದಿದ್ದವು, ಉತ್ತರ ಬಂದಿರಲಿಲ್ಲ. ತೆಗೆಯುವುದು, ನೋಡುವುದು, ಇಡುವುದು. ಮಧ್ಯೆ ಆ ಗೆಳತಿ ಬೇರೆಯವರ ಜೊತೆ ಹಾಕಿದ ಫೋಟೋ ನೋಡುವುದು. ಮಾರನೆಯ ದಿನ ಕಣ್ಣು ಊದಿಸಿಕೊಂಡು ಬಂದಿದ್ದಳು. ಗಡಿಯಾರದ ಲೆಕ್ಕದಲ್ಲಿ ಇವೆರಡೂ ಒಂದೇ ಅಲ್ವಾ?

ಸಂಶೋಧನೆಗಳೂ ಈ ಗಂಟೆ ಲೆಕ್ಕದಲ್ಲೇ ತೊಡಕಿಗೆ ಸಿಕ್ಕಿಕೊಂಡಿವೆ. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಅಮೆರಿಕ ಮತ್ತು ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ನೋಡಿದರು. ಅವರ ನೆಮ್ಮದಿಯ ಏರುಪೇರಿನಲ್ಲಿ ಫೋನ್, ಕಂಪ್ಯೂಟರ್, ಟಿವಿಯಂಥವುಗಳ ಪಾಲು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತ್ತು. ಅದಕ್ಕೆ ಒಂದು ವರ್ಷ ಮುಂಚೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ಹತ್ತತ್ತು ನಿಮಿಷಕ್ಕೆ ಇಳಿಸಿದರು. ಮೂರು ವಾರದಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾಗಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ಅನಿಸುವುದು ಇಷ್ಟು: ಸೊಪ್ಪು ಬಿಡಿಸುವ ಅಮ್ಮನನ್ನೂ ನೀಲಿ ಟಿಕ್ ಕಾಯುವ ಹುಡುಗಿಯನ್ನೂ ಒಟ್ಟಿಗೆ ಸೇರಿಸಿ ಸರಾಸರಿ ತೆಗೆದರೆ ಏನೂ ಕಾಣುವುದಿಲ್ಲ. ಒಂದು ಅಭ್ಯಾಸವನ್ನು ಬೇರೆ ಮಾಡಿ ಹಿಡಿದರೆ ಕಾಣುತ್ತದೆ.

ಅದಕ್ಕೇ ತರಗತಿಯಲ್ಲಿ ಬೇರೊಂದು ಕೆಲಸ ಕೊಟ್ಟೆ. ಮೂರು ದಿನ, ಫೋನ್ ಕೈಗೆ ತೆಗೆದುಕೊಂಡಾಗೆಲ್ಲ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಒಂದು ಸಾಲು ಬರೆಯಬೇಕು. ಎಷ್ಟು ಹೊತ್ತು ನೋಡಿದೆ ಅಂತ ಬೇಡ. ತೆಗೆಯುವ ಮುಂಚೆ ಏನಾಗಿತ್ತು ಅಂತ. ಹೆಸರು ಹಾಕುವುದು, ತೋರಿಸುವುದು ಅವರವರ ಇಷ್ಟ.

'ಬೋರ್', 'ಸುಮ್ನೆ', 'ಲೆಕ್ಕ ಬರಲಿಲ್ಲ' ಇವೇ ಜಾಸ್ತಿ. ಒಬ್ಬ ಹುಡುಗ ಮಾತ್ರ ಮೂರು ದಿನವೂ ಒಂದೇ ಸಾಲು ಬರೆದಿದ್ದ. '10.40, ಅಪ್ಪ ಕುಡಿದು ಬಂದರು.' ಮೂರನೆಯ ದಿನ ಪೆನ್ನು ಒತ್ತಿ ಒತ್ತಿ ಬರೆದು ಹಾಳೆ ಹರಿದಿತ್ತು. ಇಯರ್‌ಫೋನ್ ಹಾಕಿಕೊಂಡು ರಾತ್ರಿ ಎರಡು ಗಂಟೆವರೆಗೆ ರೀಲ್ಸ್ ನೋಡುತ್ತಾನೆ ಅಂತ ಅವನ ಅಮ್ಮ ಹಿಂದಿನ ವಾರವಷ್ಟೇ ನನ್ನ ಹತ್ತಿರ ಹೇಳಿಕೊಂಡಿದ್ದರು. ಫೋನ್ ಕಿತ್ತುಕೊಳ್ಳಲಾ ಅಂತ ಕೇಳಿದ್ದರು. ಆ ಇಯರ್‌ಫೋನ್ ತೆಗೆದರೆ ಅವನಿಗೆ ಕೇಳಿಸುವುದು ಏನು? ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಹಾಗಂತ ಫೋನಿನದ್ದು ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ರೀಲ್ಸ್‌ಗೆ ಕೊನೆ ಅನ್ನುವುದೇ ಇಲ್ಲ. ಪುಸ್ತಕದ ಪುಟ ಮುಗಿಯುತ್ತದೆ, ಟಿವಿ ಧಾರಾವಾಹಿಗೂ 'ನಾಳೆಗೆ' ಅಂತ ಬರುತ್ತದೆ. ಇಲ್ಲಿ ನಿಲ್ಲಿಸುವ ಕೆಲಸ ಪೂರ್ತಿ ನಮ್ಮದೇ. ಅದೂ ಮನಸ್ಸು ಸೋತಿರುವ ಹೊತ್ತಿನಲ್ಲಿ. ಹಾಗಾಗಿ ಒಂದು ವಿಷಯದಲ್ಲಿ ನಾನು ಗಟ್ಟಿ. ಮಲಗುವ ಕೋಣೆಗೆ ಫೋನ್ ಬೇಡ, ಮಕ್ಕಳಿಗೂ ದೊಡ್ಡವರಿಗೂ. ಅಲಾರಂಗೆ ಒಂದು ಗಡಿಯಾರ ತನ್ನಿ. ನಿದ್ದೆ ಕೆಟ್ಟರೆ ಮಾರನೆಯ ದಿನ ಸಣ್ಣ ಮಾತೂ ಚುಚ್ಚುತ್ತದೆ, ಚುಚ್ಚಿದಾಗ ಕೈ ಮತ್ತೆ ಫೋನಿಗೇ ಹೋಗುತ್ತದೆ.

ಊಟ, ಓದು, ಸ್ನಾನ ಎಲ್ಲ ತಪ್ಪುತ್ತಿದ್ದರೆ, ಫೋನ್ ಇಸಿದುಕೊಂಡರೆ ಕೈಕಾಲು ನಡುಗುವಷ್ಟು ಸಿಟ್ಟು ಬರುತ್ತಿದ್ದರೆ ಬೈಯುತ್ತಾ ಕೂರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಬೇಡ, ರಾತ್ರಿಯಾದರೂ ಪರವಾಗಿಲ್ಲ.

ಆ ಹುಡುಗನ ಅಮ್ಮನಿಗೆ ನಾನು ಹಾಳೆ ತೋರಿಸಲಿಲ್ಲ. "ರಾತ್ರಿ ಹತ್ತೂವರೆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತೆ ಅಮ್ಮ?" ಅಂತ ಮಾತ್ರ ಕೇಳಿದೆ. ಅವರು ಸೆರಗಿನ ತುದಿ ಸುತ್ತುತ್ತಾ ತುಂಬ ಹೊತ್ತು ನಿಂತಿದ್ದರು. ಪರೀಕ್ಷೆ ಮುಗಿಯುವವರೆಗೆ ಅವನು ಎದುರು ಬೀದಿಯ ಅಜ್ಜಿ ಮನೆಯಲ್ಲಿ ಮಲಗುತ್ತಿದ್ದಾನೆ. ಫೋನ್ ಅಜ್ಜಿಯ ಟಿವಿ ಪಕ್ಕದಲ್ಲಿ ಚಾರ್ಜ್ ಆಗುತ್ತಿರುತ್ತದಂತೆ.